ಕಿವಿ ಕೊಡೋದಿಲ್ಲ

ಹಸು ಕೆಳಗೆ ಬಿತ್ತು. ಗಂಡ ಓಡಿಬಂದವನೇ ಅದರ ಹಿಂಗಾಲು ಎರಡನ್ನೂ ಜೋಡಿಸಿ ಹಗ್ಗ ಬಿಗಿದ.

ಅವನ ತಪ್ಪಲ್ಲ. ಹದಿನಾಲ್ಕನೇ ವಯಸ್ಸಿನಿಂದ ಅವನು ಹತ್ತಿರ ಹೋಗಿ ನೋಡಿದ ದನಗಳೆಲ್ಲ ಹೀಗೇ ಬಿದ್ದಿದ್ದವು. ಕತ್ತು ಪಕ್ಕೆಗೆ ತಿರುಗಿಸಿಕೊಂಡು, ಅರೆಗಣ್ಣು ಬಿಟ್ಟುಕೊಂಡು, ಮೂಗು ಒಣಗಿಸಿಕೊಂಡು. ಅಂಥ ದನದ ಮುಂದೆ ನಿಂತರೆ ಅವನ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಹಿಂಗಾಲು ಜೋಡಿಸು, ಹಗ್ಗ ಬಿಗಿ, ಗಾಡಿಗೆ ಎಳೆ. ಕೈ ಅದನ್ನೇ ಮಾಡಿತು. ಎರಡನೇ ಗಂಟು ಹಾಕುತ್ತಿದ್ದಾಗ ಹಸು ಬುಸ್ಸೆಂದು ಉಸಿರೆಳೆಯಿತು.

"ಏನ್ರೀ ಮಾಡ್ತಿದ್ದೀರಾ? ಬದುಕಿದೆ ಕಣ್ರೀ ಅದು!" ಹೆಂಡತಿ ಕಿರುಚಿದಳು.

ಅವನು ಹಗ್ಗ ನೋಡಿದ. ತನ್ನ ಕೈ ನೋಡಿಕೊಂಡ. ಬಿಚ್ಚಲು ಹೋದರೆ ಗಂಟು ಸಿಗಲೇ ಇಲ್ಲ. ಅವಳೇ ಬಗ್ಗಿ, ಹಲ್ಲಿನಿಂದ ಕಚ್ಚಿ ಎಳೆದು ಸಡಿಲಿಸಿದಳು.

ಪಟ್ಟಣದ ಜನ ಈ ಮನೆಯವರನ್ನು ಹೆಣಗಾಡಿಯವರು ಎನ್ನುತ್ತಾರೆ. ಯಾರ ಕೊಟ್ಟಿಗೆಯಲ್ಲಿ ದನ ಸತ್ತರೂ ಇವರಿಗೆ ಹೇಳಿಕಳಿಸುತ್ತಾರೆ. ಗಂಡ ಗಾಡಿ ಎಳೆಯುತ್ತಾನೆ, ಹೆಂಡತಿ ಹಿಂದಿನಿಂದ ತಳ್ಳುತ್ತಾಳೆ. ಊರಾಚೆಯ ಗುಂಡಿಯ ಹತ್ತಿರ ಇಳಿಸಿ, ಚರ್ಮ ಸುಲಿದು, ಮಿಕ್ಕದ್ದನ್ನು ಹೂಳುತ್ತಾರೆ. ಅವನ ಅಪ್ಪ ಇದನ್ನೇ ಮಾಡಿದ. ಅಪ್ಪನ ಅಪ್ಪನೂ ಇದನ್ನೇ ಮಾಡಿದ. ಅತ್ತೆ, ಅಂದರೆ ಅವನ ತಾಯಿ, ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಾಳೆ. "ಹೆಣದ ಗಾಡಿ ತಳ್ಳೀ ತಳ್ಳೀ ಹೆಣಗಾಡೋದೇ ಆಯ್ತಲ್ಲ ಕಣೇ ನಮ್ಮ ಬಾಳು" ಎನ್ನುತ್ತಾಳೆ. ಸೊಸೆಗೆ ಆ ಜೋಕು ಕೇಳಿ ಕೇಳಿ ಸಾಕಾಗಿತ್ತು.

ಸತ್ತ ದನ ಕೊಳೆತು ನಾರುವುದು ಒಂದು ದಿನ. ಎತ್ತಿದವರಿಗೆ ಆ ನಾತ ಅಂಟುವುದು ಜನ್ಮಕ್ಕೆ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡುವುದಿಲ್ಲ, ಹಲಗೆಯ ಮೇಲೆ ಇಟ್ಟು ಬೆರಳಿನಿಂದ ಮುಂದಕ್ಕೆ ತಳ್ಳುತ್ತಾನೆ. ಬಸ್ಸಿನಲ್ಲಿ ಇವರ ಪಕ್ಕದ ಸೀಟು ಯಾವಾಗಲೂ ಖಾಲಿ. ಜನ ನಿಂತುಕೊಂಡೇ ಹೋಗುತ್ತಾರೆ, ಕೂರುವುದಿಲ್ಲ. ಮಗಳಿಗೆ ಈಗ ಹತ್ತೊಂಬತ್ತು. ಅವಳು ಗಾಡಿಯ ಹತ್ತಿರ ಸುಳಿದವಳೇ ಅಲ್ಲ. ಬ್ರೆಡ್ ಮಾಡುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ದಿನಕ್ಕೆ ಎರಡು ಸಲ ಮೈ ತಿಕ್ಕಿ ಸ್ನಾನ ಮಾಡಿ ಹೋದಳು. ಹನ್ನೊಂದನೇ ದಿನ ಯಾರೋ ಗುರುತು ಹಿಡಿದರು. ಸೂಪರ್‌ವೈಸರ್ ಕರೆದು, "ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲಮ್ಮ. ಆದ್ರೆ ಜನ ತಿನ್ನೋ ಪದಾರ್ಥ ನೋಡು" ಎಂದ. ಮಗಳು ಮನೆಗೆ ಬಂದು ಅಳಲಿಲ್ಲ. ಎರಡೂ ಕೈಯನ್ನು ಮತ್ತೆ ಮತ್ತೆ ಮೂಸಿ ನೋಡಿಕೊಳ್ಳುತ್ತಾ ಕೂತಳು.

ತಾಯಿ ಅದನ್ನು ನೋಡಿದಳು. ಮಾರನೇ ದಿನವೇ ಪಟ್ಟಣದ ಕಚೇರಿಗೆ ಹೋಗಿ, ಹತ್ತು ಮನೆಗೆ ಹತ್ತು ಗಬ್ಬದ ಹಸು ಕೊಡುವ ಯೋಜನೆಯ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಮನೆಗೆ ಬಂದು ಗಂಡನಿಗೆ, "ಸತ್ತ ದನ ಸಾಕು. ಇನ್ನು ಬದುಕಿರೋ ದನ ಸಾಕೋಣ" ಎಂದಳು.

"ನಮಗೆ ಬದುಕಿರೋ ದನ ಗೊತ್ತೇನೇ?" ಎಂದ ಅವನು.

ಗೊತ್ತಿರಲಿಲ್ಲ. ನಗಬೇಡಿ. ದನದ ಒಳಗೆ ಏನೇನಿದೆ, ಯಾವ ಮೂಳೆ ಯಾವ ಮೂಳೆಗೆ ಕೂತಿದೆ, ಹೊಟ್ಟೆಯ ಹುಲ್ಲಿನ ಚೀಲ ಎಷ್ಟು ಭಾರ, ಎಲ್ಲ ಗೊತ್ತಿತ್ತು. ದನ ಎಷ್ಟು ಹೊತ್ತಿಗೆ ನೀರು ಕುಡಿಯುತ್ತದೆ ಎನ್ನುವುದು ಗೊತ್ತಿರಲಿಲ್ಲ. ಬದುಕಿರುವ ದನದ ಹತ್ತಿರ ಇವರನ್ನು ಬಿಟ್ಟವರು ಯಾರು? ಹಸು ಬಂದ ದಿನ ನಾಲ್ಕು ಜನವೂ ಅದರ ಸುತ್ತ ನಿಂತು, ಮುಟ್ಟಲು ಹೆದರಿ ಒಬ್ಬರ ಮುಖ ಒಬ್ಬರು ನೋಡಿದರು. ಹಸು ಇವರನ್ನೆಲ್ಲ ಮೇಲಿಂದ ಕೆಳಗೆ ಒಂದು ಸಲ ನೋಡಿ, ಮುಖ ತಿರುಗಿಸಿ, ಬಾನಿಯ ನೀರು ಹೀರಿತು.

"ಏನು ಗತ್ತು ನೋಡ್ರೇ ಇವಳ್ದು! ಥೇಟ್ ಮೇಡಂ" ಎಂದಳು ಅತ್ತೆ. "ನಾನು ಸೊಸೆಯಾಗಿ ಬಂದಾಗಿಂದ ಯಾವ ಮೇಡಮ್ಮೂ ಈ ಮನೆ ಮೆಟ್ಟಿಲು ಹತ್ತಿಲ್ಲ. ಬಾರಮ್ಮಾ, ಬಾ."

ಅಲ್ಲಿಂದ ಅದು ಮೇಡಂ ಆಯಿತು. ಮೇಡಂಗೆ ಹುಲ್ಲು ಹಾಕಿದ್ರಾ, ಮೇಡಂ ಸಗಣಿ ಹಾಕಿದ್ರು ಬನ್ನಿ. ಚರ್ಮ ಒಣಹಾಕುತ್ತಿದ್ದ ಚಪ್ಪರವನ್ನು ಗಂಡ ಕಿತ್ತು, ಹೊಸ ಮಣ್ಣು ತುಂಬಿಸಿ ಕೊಟ್ಟಿಗೆ ಮಾಡಿದ. ಸುಣ್ಣ ಬಳಿದು, ಅದು ಒಣಗಿದ ಮೇಲೆ ಮತ್ತೊಂದು ಸಲ ಬಳಿದ. ಮಗಳು ಹಸುವಿನ ಮೈ ತಿಕ್ಕುತ್ತಾ ಅದರ ಪಕ್ಕೆಗೆ ಮುಖ ಒತ್ತಿ ನಿಂತುಬಿಡುತ್ತಿದ್ದಳು. ಇವಳು ಮೂಗು ಮುಚ್ಚಿಕೊಳ್ಳೋದಿಲ್ಲ ನೋಡಮ್ಮ ಎನ್ನುತ್ತಿದ್ದಳು.

ಹಸು ಕೊಡುವ ಮೊದಲು ಐದು ದಿನದ ತರಬೇತಿ ಇತ್ತು. ಅದರ ಕಥೆ ಹೇಳಲೇಬೇಕು. ಒಂಬತ್ತು ಮನೆಯವರು ಒಳಗೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತರು. ಇವಳು ಬಾಗಿಲಿಗೆ ಕಾಲಿಟ್ಟ ಕೂಡಲೇ ಎರಡು ಸಾಲು ಎದ್ದು ನಿಂತಿತು. ಪಾಠ ಮಾಡುತ್ತಿದ್ದವರು ದನದ ಡಾಕ್ಟರೇ. "ನೀನು ಜಗಲಿಯಲ್ಲಿ ಕೂತ್ಕೋಮ್ಮ, ಕಿಟಕಿ ತೆರೆದಿರುತ್ತೆ, ಎಲ್ಲಾ ಕೇಳಿಸುತ್ತೆ" ಎಂದರು. ನಾಲ್ಕು ದಿನ ಕೇಳಿಸಿತು. ಐದನೇ ದಿನ ಧೂಳುಗಾಳಿ ಎದ್ದಿತು. ಯಾರೋ ಬಂದು ಕಿಟಕಿ ಮುಚ್ಚಿದರು. ಅವತ್ತಿನ ಪಾಠ, ಕರು ಹಾಕಿದ ಮೇಲೆ ಏನು ಮಾಡಬೇಕು ಅನ್ನುವುದು.

ಅವಳು ಗಾಜಿಗೆ ಹಣೆ ಒತ್ತಿ ನೋಡಿದಳು. ಡಾಕ್ಟರ ಬಾಯಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ತುಂಬಿದ ಕೆಚ್ಚಲು ಬರೆದರು. ಪಕ್ಕದಲ್ಲಿ ಒಂದು ಬರಿದಾದ ಕೆಚ್ಚಲು ಬರೆದರು. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಬಾಣ ಎಳೆದರು. ಆಮೇಲೆ ಗಾಳಿಗೆ ಎಲೆ, ಕಾಗದ ಎಲ್ಲ ಗಾಜಿಗೆ ಬಡಿದು, ಕಣ್ಣಿಗೆ ಧೂಳು ಬಿದ್ದು ಅವಳು ಮುಖ ಮುಚ್ಚಿಕೊಂಡಳು. ಕಣ್ಣು ಉಜ್ಜಿ ನೋಡುವಷ್ಟರಲ್ಲಿ ಬೋರ್ಡು ಒರೆಸಿಯಾಗಿತ್ತು. ಅವಳಿಗೆ ಅರ್ಥವಾದದ್ದು ಇಷ್ಟು: ತುಂಬಿದ್ದನ್ನು ಬರಿದು ಮಾಡಬೇಕು.

ನಿನ್ನೆ ಬೆಳಿಗ್ಗೆ ಮೇಡಂ ಕರು ಹಾಕಿತು. ಹೆಣ್ಣು ಕರು. ಸತ್ತ ಹಸುವಿನ ಹೊಟ್ಟೆಯಿಂದ ಸತ್ತ ಕರು ತೆಗೆದದ್ದು ಅವಳಿಗೆ ಲೆಕ್ಕವಿಲ್ಲ. ಒದ್ದೆ ಕರು ಕಾಲು ನಡುಗಿಸುತ್ತಾ ಎದ್ದು ನಿಂತಾಗ ಅವಳು ಗೊಳೋ ಎಂದು ಅತ್ತಳು. ಅತ್ತೆ ಬೈದಳು, "ಕೂಸು ಬಂದಾಗ ಅಳ್ತಾರೇನೇ ಮಂಕೇ!" ಅತ್ತೆಯ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಹಾಲು ಕರೆದರು. ಮಗಳು ಕರೆದಳು, ಅವಳು ಕರೆದಳು, ಕೊನೆಗೆ ಅತ್ತೆಯೂ ಕೂತಳು. ಒಂದು ಬಕೆಟ್ಟು ತುಂಬಿತು, ಎರಡನೆಯದು ಅರ್ಧ ಆಯಿತು. ಗಂಡ ನಿಂತುಕೊಂಡು ನಗುತ್ತಿದ್ದ. "ಇನ್ನೂ ಇದೆ, ಇನ್ನೂ ಇದೆ, ಬಿಡಬೇಡ" ಎಂದ. ಸಂಜೆ ಮತ್ತೆ ಕರೆದರು. ಕೊನೇ ಹನಿಯವರೆಗೆ, ಮೊಲೆತೊಟ್ಟು ಸೊರಗಿ ಜೋಲುವವರೆಗೆ. ಪಾಠ ಕಲಿತವರ ಹಾಗೆ, ಶ್ರದ್ಧೆಯಿಂದ, ಹಸುವನ್ನು ಬರಿದು ಮಾಡಿದರು.

ಇವತ್ತು ಬೆಳಿಗ್ಗೆ ಮೇಡಂ ತೂರಾಡಿತು. ಹಿಂಗಾಲು ನಡುಗಿತು. ಕಿವಿ ಮುಟ್ಟಿದರೆ ತಣ್ಣಗಿತ್ತು. ಹುಲ್ಲು ಮೂಸಲಿಲ್ಲ. ಬಿತ್ತು.

ದನದ ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಅವಳು ಓಡಿದಳು. ಕಾಂಪೌಂಡರ್ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. ಅವಳನ್ನು ನೋಡಿ ಅಲ್ಲಿಂದಲೇ ಕೈ ಎತ್ತಿ ತಡೆದ.

"ಯಾರ ಮನೇದು ಹೋಯ್ತು?"

"ಯಾರ್ದೂ ಹೋಗಿಲ್ಲ ಅಣ್ಣ. ನಮ್ಮ ಹಸುಗೆ ಹುಷಾರಿಲ್ಲ. ನಿನ್ನೆ ಕರು ಹಾಕಿದೆ. ಬಿದ್ದುಬಿಟ್ಟಿದೆ."

"ನಿಮ್ಮ ಹಸುನಾ?" ಅವನು ಒಳಗೆ ಕೂಗಿ ಹೇಳಿದ. "ಸಾರ್, ಹೆಣಗಾಡಿ ಬಂದಿದೆ. ಬದುಕಿರೋ ಹಸು ಅಂತೆ!"

ಒಳಗಿನಿಂದ ನಗು ಬಂತು. ಅವಳು ಮೆಟ್ಟಿಲ ಕೆಳಗೇ ನಿಂತಳು. ಕರುಳು ಕಿತ್ತು ಬರುವಂತೆ ಏದುಸಿರು. ಡಾಕ್ಟರು ಎರಡು ನಾಯಿ ನೋಡಿದರು, ಒಂದು ಫೋನು ಮಾಡಿದರು, ಆಮೇಲೆ ಬೈಕು ತೆಗೆದರು. ಯೋಜನೆಯ ಹಸು, ಬಾರದೆ ಗತಿಯಿರಲಿಲ್ಲ. ಬಾ ಕೂತ್ಕೋ ಎಂದು ಅವಳನ್ನು ಯಾರು ಕರೆಯುತ್ತಾರೆ? ಬೈಕಿನ ಹಿಂದೆ ಮತ್ತೆ ಓಡಿದಳು.

ಅವಳು ಮನೆ ಮುಟ್ಟಿದಾಗ, ದಾರಿಯಲ್ಲಿ ಇನ್ನೆಲ್ಲೋ ನಿಂತು ಆಗ ತಾನೇ ಬಂದ ಡಾಕ್ಟರು ಬೇಲಿಯ ಗೇಟಿನ ಹೊರಗೆ ನಿಂತಿದ್ದರು. ಮೂಗಿನ ಮೇಲೆ ಕರವಸ್ತ್ರ. ಔಷಧಿಯ ಚೀಲ ಹೆಗಲಲ್ಲೇ ಇತ್ತು. ಗಂಡ ಕೈ ಮುಗಿದುಕೊಂಡು ಒಳಗೆ ನಿಂತಿದ್ದ. ಗೇಟಿಂದ ಕೊಟ್ಟಿಗೆಗೆ ಮೂವತ್ತು ಹೆಜ್ಜೆ. ಡಾಕ್ಟರು ಆ ಮೂವತ್ತು ಹೆಜ್ಜೆ ಇಡಲಿಲ್ಲ.

"ಪೂರ್ತಿ ಕರೆದ್ರಾ?"

"ಹೂಂ ಸಾಹೇಬ್ರೇ. ಒಂದು ಹನಿ ಬಿಡದೆ ಕರೆದ್ವಿ" ಎಂದ ಗಂಡ. ಹೇಳುವಾಗ ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆಯಿತ್ತು.

"ತಲೇಲಿ ಏನಿದೆ ನಿಮಗೆ? ಮೊದಲ ಮೂರು ದಿನ ಪೂರ್ತಿ ಕರೀಬೇಡಿ, ಹಸುವಿನ ಮೈಯ ಸುಣ್ಣದಂಶ ಎಲ್ಲ ಹಾಲಲ್ಲಿ ಹೋಗುತ್ತೆ, ಹಸು ಬಿದ್ದುಹೋಗುತ್ತೆ ಅಂತ ಬಡ್ಕೊಂಡಿರಲಿಲ್ವಾ? ಬೋರ್ಡ್ ಮೇಲೆ ಚಿತ್ರ ಬರೆದು, ಅದರ ಮೇಲೆ ಅಡ್ಡಗೀಟು ಹಾಕಿ ತೋರಿಸಿದ್ದೀನಿ!"

ಅಡ್ಡಗೀಟು. ಅದನ್ನು ಅವಳು ನೋಡಿರಲಿಲ್ಲ.

"ಕಿಟಕಿ ಮುಚ್ಚಿದ್ರಿ ಸಾಹೇಬ್ರೇ" ಎಂದಳು. ದನಿ ಸಣ್ಣಗೆ ಬಂತು.

"ಏನು?"

"ಅವತ್ತು ಕಿಟಕಿ ಮುಚ್ಚಿದ್ರಿ. ನಂಗೆ ಕೇಳಿಸ್ಲಿಲ್ಲ."

ಡಾಕ್ಟರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಬೈಕಿನ ಪೆಟ್ಟಿಗೆಯಿಂದ ಒಂದು ಫಾರಂ ತೆಗೆದು, ಸೀಟಿನ ಮೇಲಿಟ್ಟು ಬರೆಯತೊಡಗಿದರು. ಟ್ಯಾಗಿನ ನಂಬರು ಎಷ್ಟು ಎಂದು ಕೇಳಿದರು. ಹಸುವಿನ ಎಡಗಿವಿಗೆ ಹೊಡೆದ ಹಳದಿ ಬಿಲ್ಲೆಯ ಮೇಲಿನ ನಂಬರು. ಮಗಳು ಕೊಟ್ಟಿಗೆಯಿಂದ ಓದಿ ಹೇಳಿದಳು. ಔಷಧಿ ಚೀಟಿ ಬರೆಯುತ್ತಿದ್ದಾರೆ ಎಂದುಕೊಂಡಳು ಪಾಪ.

"ನೋಡಿ, ಇದು ಉಳಿಯೋ ಹಸು ಅಲ್ಲ. ಸಂಜೆ ಅಷ್ಟೊತ್ತಿಗೆ ಹೋಗುತ್ತೆ. ನಾನು ಮತ್ತೆ ಬರೋಕಾಗಲ್ಲ. ಸತ್ತಿದೆ ಅಂತ ಈಗಲೇ ಬರೆದುಕೊಡ್ತೀನಿ. ಯೋಜನೆ ಹಸುಗೆ ವಿಮೆ ಇದೆ, ನಿಮಗೇನೂ ನಷ್ಟ ಇಲ್ಲ, ಇನ್ನೊಂದು ಹಸು ಬರುತ್ತೆ. ಆದ್ರೆ ಸಾಕ್ಷಿ ಬೇಕು. ಕಿವಿ ಕೊಡಿ."

ಯಾರಿಗೂ ಅರ್ಥವಾಗಲಿಲ್ಲ.

"ಕಿವಿ ಅಂದ್ರೆ ಕಿವಿ. ಬಿಲ್ಲೆ ಸಮೇತ ಕತ್ತರಿಸಿ ಒಂದು ಪ್ಲಾಸ್ಟಿಕ್ಕಲ್ಲಿ ಕಟ್ಟಿ ಕೊಡಿ. ವಿಮೆಯವರು ಅದನ್ನೇ ಕೇಳೋದು. ನಿಮಗೇನು ಹೊಸ ಕೆಲಸಾನಾ?"

"ಸಾಹೇಬ್ರೇ, ಅದು ಉಸಿರಾಡ್ತಿದೆ" ಎಂದಳು ಮಗಳು.

"ಈಗ ಉಸಿರಾಡ್ತಿದೆ."

ಗಂಡ ಸುಮ್ಮನೆ ಒಳಗೆ ಹೋದ. ಬಂದಾಗ ಕೈಯಲ್ಲಿ ಚರ್ಮ ಸುಲಿಯುವ ಚಾಕು ಇತ್ತು. ಹೆಂಡತಿ ಅವನಿಗೆ ಅಡ್ಡ ನಿಂತಳು.

"ಬಿಡೇ" ಎಂದ ಅವನು. ಅವನ ಮುಖ ನೋಡಲಾಗುತ್ತಿರಲಿಲ್ಲ. "ಹೆಂಗೂ ಸಾಯುತ್ತೆ ಅಂತಿದ್ದಾರೆ. ಕಿವಿ ಕೊಟ್ರೆ ಇನ್ನೊಂದಾದ್ರೂ ಬರುತ್ತೆ. ಕೊಡದಿದ್ರೆ ಹಸುನೂ ಇಲ್ಲ, ಏನೂ ಇಲ್ಲ. ನಾಳೆಯಿಂದ ಮತ್ತೆ ಅದೇ ಗಾಡಿ. ನಿನ್ನ ಮಗಳೂ ಬಂದು ತಳ್ತಾಳೆ. ಬೇಕಾ ನಿಂಗೆ?"

ಅವನು ಹೇಳಿದ್ದು ಸುಳ್ಳಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳೂ ಪಕ್ಕಕ್ಕೆ ಸರಿದಳು. ಇದನ್ನು ಮುಚ್ಚಿಡಬಾರದು. ಸರಿದಳು. ಗಂಡ ಬಗ್ಗಿ ಎಡಗೈಯಲ್ಲಿ ಹಸುವಿನ ಕಿವಿ ಹಿಡಿದ. ತಣ್ಣಗಿದ್ದ ಆ ಕಿವಿ ಅವನ ಬೆರಳ ನಡುವೆ ಒಂದು ಸಲ ಪಟ್ಟೆಂದು ಅದುರಿತು. ಅಷ್ಟೇ. ಅವನು ಚಾಕು ಬಿಸಾಡಿ ಗೋಡೆಗೆ ಮುಖ ಮಾಡಿ ನಿಂತ.

ಅವಳು ಗೇಟಿನ ಕಡೆ ನಡೆದಳು.

"ಕಿವಿ ಕೊಡೋದಿಲ್ಲ" ಎಂದಳು.

"ಏನಮ್ಮ?"

"ಕಿವಿ ಕೊಡೋದಿಲ್ಲ. ಇಷ್ಟು ವರ್ಷ ನಮ್ಮ ಒಂದು ಮಾತಿಗೆ ಯಾರಾದ್ರೂ ಕಿವಿ ಕೊಟ್ಟಿದ್ದೀರಾ? ಈಗ ನಮ್ಮನ್ನ ಕಿವಿ ಕೇಳ್ತೀರಾ? ನಾವು ಸತ್ತದ್ದನ್ನ ಕೊಯ್ತೀವಿ ಸಾಹೇಬ್ರೇ. ಬದುಕಿರೋದನ್ನ ಕೊಯ್ಯೋರು ಯಾರು ಅಂತ ಇವತ್ತು ಗೊತ್ತಾಯ್ತು. ಒಳಗೆ ಬನ್ನಿ. ಆ ಬಾಟ್ಲಿ ಹಾಕಿ."

ಬಾಟಲಿ ಅವಳಿಗೆ ಗೊತ್ತಿತ್ತು. ದನ ಸಾಕುವ ದೊಡ್ಡ ಫಾರ್ಮಿನವರು ಹಸು ಬಿದ್ದ ಕೂಡಲೇ ಡಾಕ್ಟರಿಗೂ ಹೇಳಿಕಳಿಸುತ್ತಿದ್ದರು, ಗಾಡಿಗೂ ಹೇಳಿಕಳಿಸುತ್ತಿದ್ದರು. ಯಾವುದಕ್ಕೂ ಇರಲಿ ಅಂತ. ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಅವಳು ನೋಡಿದ್ದಳು. ಇದೇ ಡಾಕ್ಟರು, ಸಗಣಿಯಲ್ಲಿ ಮಂಡಿಯೂರಿ ಕೂತು, ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಬಾಟಲಿಯ ಔಷಧಿಯನ್ನು ನಿಧಾನವಾಗಿ ಇಳಿಸುತ್ತಿದ್ದರು. ಒಂದು ಕೈ ಹಸುವಿನ ಎದೆಯ ಮೇಲೆ. ಅರ್ಧ ಗಂಟೆಗೆ ಹಸು ತೇಗಿ, ನಡುಗಿ, ಎದ್ದು ನಿಲ್ಲುತ್ತಿತ್ತು. ಎದ್ದಿತು, ನೀವು ಹೋಗಿ ಎಂದು ಇವರನ್ನು ಅಟ್ಟುತ್ತಿದ್ದರು. ಖಾಲಿ ಗಾಡಿ ತಳ್ಳಿಕೊಂಡು ಬರುವಾಗ ಅವಳಿಗೆ ಬೇಜಾರಾಗುತ್ತಿತ್ತು, ಕೂಲಿ ಹೋಯಿತಲ್ಲ ಅಂತ. ಈಗ ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಬಾಟ್ಲಿ ಹಾಕಿದ್ರೂ ಉಳಿಯಲ್ಲ ಅಂತ ಹೇಳಿದ್ನಲ್ಲ?" ಡಾಕ್ಟರು ಬೈಕಿನ ಕಡೆ ತಿರುಗಿದರು. "ಆ ಜಾಗಕ್ಕೆ ಕಾಲಿಟ್ಟು ನಾನು ಬೇರೆಯವರ ಕೊಟ್ಟಿಗೆಗೆ ಹೋಗೋಕಾಗುತ್ತಾ? ಅವರು ಬಿಟ್ಕೋತಾರಾ? ನನ್ನ ಕಷ್ಟನೂ ಸ್ವಲ್ಪ ಅರ್ಥ ಮಾಡ್ಕೊಳ್ಳಿ."

"ಹಾಗಾದ್ರೆ ಬಾಟ್ಲಿ ಕೊಡಿ. ನಾನೇ ಹಾಕ್ತೀನಿ."

"ನೀನಾ?" ಅವರಿಗೆ ನಗು ಬಂತು. "ಜೋರಾಗಿ ಇಳಿಸಿದ್ರೆ ಹೃದಯ ನಿಂತುಹೋಗುತ್ತೆ. ಜೈಲಿಗೆ ಹೋಗ್ತೀಯ."

ಅವಳು ಮಾತಾಡಲಿಲ್ಲ. ಸಗಣಿ ಮೆತ್ತಿದ್ದ ಎರಡೂ ಕೈ ಚಾಚಿ ಅವರ ಹೆಗಲ ಚೀಲವನ್ನು ತಬ್ಬಿ ಹಿಡಿದಳು. ಎಳೆಯಲಿಲ್ಲ. ಸುಮ್ಮನೆ ಹಿಡಿದಳು. ಮೈಮೇಲೆ ಕೆಂಡ ಬಿದ್ದವರ ಹಾಗೆ ಡಾಕ್ಟರು ಹೆಗಲು ಕೊಡವಿ ಚೀಲ ಬಿಟ್ಟುಬಿಟ್ಟರು. ಅವಳು ಮುಟ್ಟಿದ ಚೀಲ ಅವರಿಗೆ ಬೇಕಿರಲಿಲ್ಲ. ಹುಟ್ಟಿದಂದಿನಿಂದ ಆ ಕೈಗಳಿಂದ ಅವಳಿಗೆ ಸಿಕ್ಕ ಲಾಭ ಅದೊಂದೇ.

"ಕಳ್ಳಿ! ಕಂಪ್ಲೇಂಟ್ ಕೊಡ್ತೀನಿ! ಸತ್ತಿದೆ ಅಂತಾನೇ ಬರೀತೀನಿ, ನೋಡು!" ಬೈಕಿನ ಹೊಗೆಯ ಜೊತೆ ಆ ಕೂಗೂ ದೂರ ಹೋಯಿತು.

ಚೀಲದಲ್ಲಿ ಬಾಟಲಿ ಇತ್ತು, ಟ್ಯೂಬಿತ್ತು, ಸೂಜಿಯಿತ್ತು. ಅವಳು ಹಸುವಿನ ಕತ್ತಿನ ಪಕ್ಕ ಮಂಡಿಯೂರಿದಳು. ಗಂಡ ತಲೆ ಹಿಡಿದ. ಮಗಳು ಬಾಟಲಿ ಎತ್ತಿ ಹಿಡಿದಳು. ಕತ್ತಿನ ಪಕ್ಕದ ಕಾಲುವೆಯಂಥ ತಗ್ಗಿನಲ್ಲಿ ರಕ್ತನಾಳ ಎಲ್ಲಿ ಓಡುತ್ತದೆ ಎಂದು ಅವಳಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಚರ್ಮ ಸುಲಿದ ಮೇಲೆ ಹೆಬ್ಬೆರಳು ಗಾತ್ರ, ಕಪ್ಪು ರಕ್ತ ಹೆಪ್ಪುಗಟ್ಟಿ ಅಲ್ಲೇ ಮಲಗಿರುತ್ತಿತ್ತು. ಅಲ್ಲಿ ಹೆಬ್ಬೆರಳಿಂದ ಒತ್ತಿದಳು. ಚರ್ಮದ ಕೆಳಗೆ ನಾಳ ಉಬ್ಬಿ ಬಂತು. ಬಿಸಿಯಾಗಿ, ಅದುರುತ್ತಾ. ಅವಳ ಕೈ ತಡೆಯಿತು.

"ಚುಚ್ಚು ತಾಯಿ" ಎಂದಳು ಅತ್ತೆ. "ನಿನ್ನ ಕೈಗಿಂತ ದನ ಬಲ್ಲ ಕೈ ಈ ಪಟ್ಟಣದಲ್ಲಿ ಇನ್ಯಾರಿಗಿದೆ? ಚುಚ್ಚು."

ಚುಚ್ಚಿದಳು. ಸೂಜಿಯ ಬಾಯಲ್ಲಿ ರಕ್ತ ಬಂತು. ಟ್ಯೂಬಿನಲ್ಲಿ ಔಷಧಿ ಬರುವವರೆಗೆ ಗಾಳಿ ಬಿಟ್ಟು, ಆಮೇಲೆ ಸಿಕ್ಕಿಸಿದಳು. ಬಾಟಲಿಯೊಳಗೆ ಗುಳ್ಳೆ ಒಂದೊಂದೇ ಏಳತೊಡಗಿತು. ಇನ್ನೊಂದು ಅಂಗೈಯನ್ನು ಮುಂಗಾಲ ಹಿಂದೆ, ಪಕ್ಕೆಯ ಮೇಲೆ ಒತ್ತಿದಳು. ಸಾವಿರ ಹೃದಯವನ್ನು ಅವಳು ಕೈಯಲ್ಲಿ ಹಿಡಿದಿದ್ದಾಳೆ. ತೂಕ ಗೊತ್ತು, ಬಣ್ಣ ಗೊತ್ತು. ಬಡಿಯುವ ಹೃದಯದ ಮೇಲೆ ಕೈ ಇಟ್ಟದ್ದು ಇದೇ ಮೊದಲು. ಅದು ದೂರದಲ್ಲಿ, ಆಳದಲ್ಲಿ, ಮುನಿಸಿಕೊಂಡವರ ಹಾಗೆ ಬಡಿಯುತ್ತಿತ್ತು.

"ಕೆಳಗಿಳಿಸು ಬಾಟ್ಲಿ" ಎಂದಳು. ಬಡಿತ ತಪ್ಪಿತ್ತು. ಮಗಳು ಇಳಿಸಿದಳು. ಮತ್ತೆ ಬಡಿಯಿತು. "ಸ್ವಲ್ಪ ಮೇಲೆ." ಹಾಗೆ ಎಷ್ಟು ಹೊತ್ತು ಕೂತರೋ. ನಾಲ್ಕು ಜನವೂ ಹಸುವಿನ ಜೊತೆಗೇ ಉಸಿರೆಳೆದು ಹಸುವಿನ ಜೊತೆಗೇ ಬಿಡುತ್ತಿದ್ದರು. ಬಾಟಲಿ ಮುಗಿಯಿತು. ಏನೂ ಆಗಲಿಲ್ಲ. ಗಂಡ ತಲೆ ತಗ್ಗಿಸಿದ. ಅವಳು ಕೈ ತೆಗೆಯಲಿಲ್ಲ.

ಆಗ ಮೇಡಂ ಒಂದು ದೊಡ್ಡ ತೇಗು ತೇಗಿತು. ತೊಡೆಯ ಮಾಂಸ ಅದುರಿತು. ಗಟ್ಟಿಯಾಗಿ ಒಂದು ಬುಟ್ಟಿ ಸಗಣಿ ಹಾಕಿತು. ಮುಗ್ಗರಿಸಿತು, ಮತ್ತೆ ಮುಗ್ಗರಿಸಿತು, ಎದ್ದಿತು. ಅತ್ತೆ ಆ ಬಿಸಿ ಸಗಣಿಯನ್ನೇ ಬೊಗಸೆಯಲ್ಲಿ ಹಿಡಿದುಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಓದುವವರಿಗೂ ಸಮಾಧಾನ ಆಗುತ್ತಿತ್ತು. ಆದರೆ ಆಗಿದ್ದನ್ನು ಹೇಳಬೇಕಲ್ಲ.

ಕರು ಹಾಕಿದ ಐದು ದಿನ ಹಾಲನ್ನು ಡೈರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಆರನೇ ದಿನ ಬೆಳಿಗ್ಗೆ ಅವಳು ಕ್ಯಾನು ತೊಳೆದು, ಸೀರೆ ಬದಲಿಸಿ, ಹಾಲು ತೆಗೆದುಕೊಂಡು ಹೋದಳು. ಸಾಲಿನಲ್ಲಿ ಮುಂದಿದ್ದವರು ನಾಲ್ಕು ಹೆಜ್ಜೆ ಸರಿದರು. ಅದಕ್ಕೆ ಅವಳು ಸಿದ್ಧಳಾಗಿಯೇ ಹೋಗಿದ್ದಳು. ಡೈರಿಯ ಗುಮಾಸ್ತ ಕಂಪ್ಯೂಟರಿನಲ್ಲಿ ನಂಬರು ಒತ್ತಿದ. ಮತ್ತೆ ಒತ್ತಿದ.

"ಇದು ಸತ್ತುಹೋಗಿದೆ ಅಕ್ಕಾ."

"ಏನು ಸತ್ತಿದೆ?"

"ನಿಮ್ಮ ಹಸು. ನಾಲ್ಕು ದಿನ ಆಯ್ತು. ಸತ್ತ ಹಸುವಿನ ಹಾಲು ಹೆಂಗೆ ಹಾಕಿಸ್ಕೊಳ್ಳೋದು?"

ಸಾಲು ಗೊಳ್ಳೆಂದು ನಕ್ಕಿತು. ಹೆಣಗಾಡಿಯವರು ಹೆಣದ ಹಾಲು ತಂದಿದ್ದಾರೆ ಎಂದ ಒಬ್ಬ. ಗುಮಾಸ್ತ ನಗಲಿಲ್ಲ, ಪಾಪ. ಇನ್ನೂ ಬಗ್ಗಿ ಓದಿ ಹೇಳಿದ. ಮಾಲೀಕರ ಅಕ್ರಮ ಚಿಕಿತ್ಸೆಯಿಂದ ಸಾವು, ಆದ್ದರಿಂದ ವಿಮೆ ಇಲ್ಲ, ಬೇರೆ ಹಸುವೂ ಇಲ್ಲ. ಕೊನೆಯಲ್ಲಿ ಒಂದು ಟಿಪ್ಪಣಿ: ಕಿವಿ ಬಾಕಿ.

ಅವಳು ಹಾಲಿನ ಕ್ಯಾನು ಹೊತ್ತು ಮನೆಗೆ ಬಂದಳು. ಮೇಡಂನ ಹಗ್ಗ ಬಿಚ್ಚಿದಳು. ದಾರಿಯಲ್ಲಿ ಗಂಡ, ಮಗಳು, ಕೋಲೂರುತ್ತಾ ಅತ್ತೆ, ಏನಾಯ್ತೇ ಏನಾಯ್ತೇ ಎಂದು ಕೇಳುತ್ತಾ ಹಿಂದೆ ಬಂದರು. ಮುಖ್ಯರಸ್ತೆಯಲ್ಲಿ ಹಸು ನಡೆಸಿಕೊಂಡು ಹೋದಳು. ಆ ರಸ್ತೆಯಲ್ಲಿ ಅವಳ ಜೊತೆ ಒಂದು ದನ ತನ್ನ ಕಾಲ ಮೇಲೆ ನಡೆದದ್ದನ್ನು ಜನ ಕಂಡಿರಲಿಲ್ಲ. ಅಂಗಡಿಯವರು ಹೊರಗೆ ಬಂದು ನಿಂತರು. ಆಸ್ಪತ್ರೆಯ ಜಗಲಿಯ ಕಂಬಕ್ಕೆ ಹಸುವನ್ನು ಕಟ್ಟಿ, ಹಗ್ಗದ ತುದಿ ಕೈಯಲ್ಲಿ ಹಿಡಿದು, ಬಾಗಿಲ ಎದುರು ಮೆಟ್ಟಿಲ ಮೇಲೆ ಕೂತಳು.

ಡಾಕ್ಟರು ಬಾಗಿಲಿಗೆ ಬಂದರು. ಹಸು ನೋಡಿದರು. ಮುಖದಲ್ಲಿ ಒಂದು ಗಳಿಗೆ ಏನೋ ಬಂದು ಹೋಯಿತು.

"ಕಾಗದದಲ್ಲಿ ಇದು ಸತ್ತಿದೆ. ಮೇಲಿನವರಿಗೆ ಹೋಗಿ ಆಗಿದೆ. ಈಗ ಬದುಕಿದೆ ಅಂತ ಬರೆದ್ರೆ ನನ್ನ ಕೆಲಸ ಹೋಗುತ್ತೆ. ತಗೊಂಡು ಹೋಗಮ್ಮ ಸುಮ್ಮನೆ. ಸತ್ತದ್ದನ್ನ ತಗೊಂಡು ಹೋಗೋದು ನಿಮ್ಮ ಕೆಲಸ ತಾನೇ?"

"ಕಾಗದದ ಮೇಲೆ ಸಾಯಿಸಿದ್ದು ನೀವು. ಕಾಗದದ ಮೇಲೇ ಬದುಕಿಸಿ. ಅಲ್ಲೀವರೆಗೂ ಏಳಲ್ಲ."

ಜನ ಸೇರಿತು. ಬಿಸಿಲು ಏರಿತು. ದೊಡ್ಡ ಫಾರ್ಮಿನ ಮೇಲ್ವಿಚಾರಕ ಸ್ಕೂಟರಿನಲ್ಲಿ ಬಂದು, ದೂರದಿಂದಲೇ ಗಂಡನನ್ನು ಕೂಗಿದ. "ಎಲ್ಲಿ ಹೋಗಿದ್ರೋ? ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ. ಎಮ್ಮೆ ಸತ್ತು ಊದ್ಕೊಂಡಿದೆ. ಗಾಡಿ ತಗೊಂಡು ಬಾ, ಬೇಗ."

ಗಂಡ ಎದ್ದ. ಜೀವಮಾನವಿಡೀ ಆ ದನಿಗೆ ಎದ್ದ ಕಾಲು, ಎದ್ದಿತು. ನಿಂತುಕೊಂಡ. ಹೆಂಡತಿಯನ್ನು ನೋಡಿದ. ಅವನೇ ಹೇಳಬೇಕಿತ್ತು.

"ಇಲ್ಲ ಸಾಮಿ" ಎಂದ. ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಎಂದ. "ಇಲ್ಲ. ನಾವು ಈಗ ಹಸು ಸಾಕೋರು. ಎಮ್ಮೆ ನೀವೇ ಎತ್ಕೊಳ್ಳಿ." ಹೇಳಿ ಕೂತ.

ಸಂಜೆಯ ಹೊತ್ತಿಗೆ, ಡಾಕ್ಟರು ಫೋನು ಮಾಡಿ ಕರೆಸಿದ ಪೊಲೀಸರು ಬಂದರು. ಇಬ್ಬರು ಪೇದೆಗಳು, ಒಬ್ಬ ಅಧಿಕಾರಿ. ಯಾರದು ಹಸು ಎಂದು ಅಧಿಕಾರಿ ಕೇಳಿದ. ನಮ್ಮದು ಎಂದಳು. ಆ ನಂಬರಿನ ಹಸು ಬದುಕಿಲ್ಲ ಎಂದರು ಡಾಕ್ಟರು, ಕಾಗದ ತೋರಿಸಿ. ಅಧಿಕಾರಿ ಕಾಗದ ಓದಿದ, ಹಸು ನೋಡಿದ, ಮತ್ತೆ ಕಾಗದ ಓದಿದ.

"ಹಾಗಾದ್ರೆ ಇದು ವಾರಸುದಾರರಿಲ್ಲದ ದನ. ದೊಡ್ಡಿಗೆ ಹೊಡ್ಕೊಂಡು ಹೋಗಿ" ಎಂದ ಪೇದೆಗಳಿಗೆ.

ಮಗಳು ಎದ್ದುಬಂದು ತಾಯಿಯ ಪಕ್ಕ ಹಗ್ಗ ಹಿಡಿದು ಕೂತಳು. ಅತ್ತೆ ಕೋಲು ಕೆಳಗಿಟ್ಟು ಇನ್ನೊಂದು ಪಕ್ಕ ಕೂತಳು. ಗಂಡ ಹಿಂದಿನಿಂದ ಬಂದು ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡ. ಮನೆಯಲ್ಲಿ ಕರು ಹಸಿದಿತ್ತು. ಮೇಡಂನ ಕೆಚ್ಚಲು ಬಿರಿಯುವಷ್ಟು ತುಂಬಿ, ಕರೆಯುವವರಿಲ್ಲದೆ ಅದು ಕಾಲು ಬದಲಿಸುತ್ತಾ ಅರಚುತ್ತಿತ್ತು. ಇವತ್ತು ಈ ಹಗ್ಗ ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಡಿದರೂ ಉಳಿಯುತ್ತದೆ ಎಂದು ಯಾರು ಹೇಳಿದರು?

"ಏಳ್ರೀ ಮೇಲೆ" ಎಂದ ಅಧಿಕಾರಿ.

ಯಾರೂ ಏಳಲಿಲ್ಲ.

"ಏಳ್ತೀರೋ, ಎತ್ತಿ ಹಾಕಿಸ್ಲೋ?"

"ಎತ್ತಿ" ಎಂದಳು ಅವಳು. ಕೂಗಲಿಲ್ಲ. "ಮೂರು ತಲೆಮಾರು ನಿಮ್ಮ ಮನೆ ಸತ್ತದ್ದನ್ನೆಲ್ಲ ನಾವು ಎತ್ತಿದ್ದೀವಿ. ಮೂಗು ಮುಚ್ಕೊಳ್ಳದೆ ಎತ್ತಿದ್ದೀವಿ. ನಾವಿನ್ನೂ ಬದುಕಿದ್ದೀವಿ. ಬನ್ನಿ, ಮುಟ್ಟಿ, ಎತ್ತಿ."

ಅಧಿಕಾರಿ ಪೇದೆಗಳ ಕಡೆ ನೋಡಿದ. ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಒಂದು ಹೆಜ್ಜೆ ಮುಂದಿಟ್ಟು, ಅವಳ ಕೈ ನೋಡಿ, ನಿಂತ. ಇನ್ನೊಬ್ಬ ಜೀಪಿನಲ್ಲಿ ಕೈಗವಸು ಇದೆಯಾ ನೋಡಲು ಹೋದ.